ಹುಕ್‌ಅಪ್ ಇಲ್ಲದ ಜಾಗಕ್ಕೆ ಟ್ರೇಲರ್ ಬ್ಯಾಟರಿ: ಮೊದಲು ರಾತ್ರಿಯ ಲೆಕ್ಕ ಹಾಕಿ

ಪಿಕಪ್ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಅಂದರೆ ಹೊಸ ಟ್ರಾವೆಲ್ ಟ್ರೇಲರಿನ ಮೂಕಿಯ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬ ಇರುತ್ತದೆ. ಅದರೊಳಗೆ ಡೀಲರ್ ಇಟ್ಟುಕೊಟ್ಟ ಒಂದೇ ಒಂದು ಲೆಡ್-ಆಸಿಡ್ ಬ್ಯಾಟರಿ. ಸಾಮಾನ್ಯವಾಗಿ ಗ್ರೂಪ್ 24 ಸೈಜು, ಸುಮಾರು 80 ಆಂಪ್-ಅವರ್ (ಒಂದು ಆಂಪ್ ಕರೆಂಟನ್ನು ಒಂದು ಗಂಟೆ ಎಳೆದರೆ ಒಂದು ಆಂಪ್-ಅವರ್). ಕರೆಂಟ್ ಇರುವ ಆರ್‌ವಿ ಪಾರ್ಕಿನಲ್ಲಿ ಪ್ಲಗ್ ಹಾಕಿ ನಿಲ್ಲಿಸುವವರಿಗೆ ಅದು ಧಾರಾಳ. ನಮ್ಮ ಹಾಗೆ ಅರಿಜೋನಾದ ಮರುಭೂಮಿಯಲ್ಲೋ, ಫ್ಲ್ಯಾಗ್‌ಸ್ಟಾಫ್ ಸುತ್ತಿನ ಪೈನ್ ಕಾಡಿನಲ್ಲೋ ಹುಕ್‌ಅಪ್ (ಹೊರಗಿನ ಕರೆಂಟ್, ನೀರಿನ ಜೋಡಣೆ) ಇಲ್ಲದೆ ನಾಲ್ಕು ದಿನ ಇರುವವರಿಗೆ ಸಾಲದು. ಬಿಎಲ್‌ಎಂ, ಅಂದರೆ ಅಮೆರಿಕ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಜಾಗದಲ್ಲಿ ಸಾಮಾನ್ಯವಾಗಿ 14 ದಿನ ಬಿಡಾರ ಹೂಡಬಹುದು. ಆ ಬ್ಯಾಟರಿ ಮಾತ್ರ ಚಳಿಗಾಲದಲ್ಲಿ ಮೊದಲ ಬೆಳಗ್ಗೆಯೇ ಕೈ ಎತ್ತುತ್ತದೆ.

ನಮ್ಮ ಮನೆಯಲ್ಲಿ ಪಿಕಪ್ ಓಡಿಸುವುದು ನಮ್ಮವರು, ವೈರಿಂಗ್ ನನ್ನದು. ಫೀನಿಕ್ಸ್ ಪಕ್ಕದ ಚಾಂಡ್ಲರ್‌ನ ಕನ್ನಡದ ಗೆಳತಿಯರು ಫೋನ್ ಮಾಡಿ "ಯಾವ ಬ್ಯಾಟರಿ ತಗೊಳ್ಳಲಿ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ರಾತ್ರಿ ಫರ್ನೆಸ್ ಹಾಕ್ತೀರಾ?"

ಫರ್ನೆಸ್ ಅಂದರೆ ಟ್ರೇಲರಿನ ಒಳಗನ್ನು ಬೆಚ್ಚಗಿಡುವ ಹೀಟರ್. ಅದು ಉರಿಯುವುದು ಪ್ರೊಪೇನ್ ಗ್ಯಾಸಿನಲ್ಲಿ, ನಿಜ. ಆದರೆ ಬಿಸಿ ಗಾಳಿ ನೂಕುವ ಫ್ಯಾನು ಬ್ಯಾಟರಿಯದ್ದು. ಅದು ಓಡುವಾಗ 7ರಿಂದ 8 ಆಂಪ್ ಎಳೆಯುತ್ತದೆ. ಚಳಿಗಾಲದಲ್ಲಿ ದಾವಣಗೆರೆಯಿಂದ ಅತ್ತೆ ಬಂದಿದ್ದರೆ ನಮ್ಮ ಥರ್ಮೋಸ್ಟಾಟ್ ಕೆಳಗೆ ಇಳಿಯುವುದೇ ಇಲ್ಲ. ಹತ್ತು ಗಂಟೆಯ ರಾತ್ರಿಯಲ್ಲಿ ಫ್ಯಾನು ಅರ್ಧ ಹೊತ್ತು ಓಡಿದರೂ 40 ಆಂಪ್-ಅವರ್ ಹೋಯ್ತು. ಲೆಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 80ರ ಅರ್ಧ 40. ಅಲ್ಲಿಗೆ ಸರಿಹೋಯ್ತಲ್ವಾ?

ಉಳಿದದ್ದನ್ನೂ ಹೀಗೇ ಬರೆದುಕೊಳ್ಳಿ. ಗ್ಯಾಸಿನಲ್ಲಿ ಓಡುವ ಫ್ರಿಜ್ಜಿನ ಸರ್ಕ್ಯೂಟ್ ಬೋರ್ಡ್ ದಿನಕ್ಕೆ ಸುಮಾರು 12 ಆಂಪ್-ಅವರ್ ತಿನ್ನುತ್ತದೆ. ಹೊಸ ಟ್ರೇಲರ್‌ಗಳ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಆದರೆ 60ರ ಆಸುಪಾಸು. ಎಲ್‌ಇಡಿ ದೀಪ, ನೀರಿನ ಪಂಪು, ಫೋನು ಎಲ್ಲ ಸೇರಿ ಹತ್ತು ಹನ್ನೆರಡು. ನಮ್ಮವರಿಗೆ ಮಿಕ್ಸಿಯ ಬಗ್ಗೆ ಬಹಳ ಚಿಂತೆ ಇತ್ತು. ಸುಮ್ನೆ ಹೆದರಿಕೆ. 550 ವ್ಯಾಟಿನ ಮಿಕ್ಸಿ ಚಟ್ನಿ ರುಬ್ಬಲು ಮೂರು ನಿಮಿಷ ತಿರುಗಿದರೆ ಹೋಗುವುದು ಎರಡೂವರೆ ಆಂಪ್-ಅವರ್. ಮೈಕ್ರೋವೇವ್ ಹಾಗಲ್ಲ, ಹತ್ತು ನಿಮಿಷಕ್ಕೆ 20ಕ್ಕಿಂತ ಜಾಸ್ತಿ. ಏಸಿಯ ಆಸೆ ಬಿಟ್ಟುಬಿಡಿ. 100 ಆಂಪ್-ಅವರಿನ ಲಿಥಿಯಂ ಬ್ಯಾಟರಿ ಇದ್ದರೂ ಒಂದು ಗಂಟೆ ಓಡುವುದಿಲ್ಲ.

ನಮ್ಮ ಗ್ಯಾಸ್ ಫ್ರಿಜ್ ಟ್ರೇಲರಿಗೆ ಚಳಿಗಾಲದ ಲೆಕ್ಕ ದಿನಕ್ಕೆ 70 ಆಂಪ್-ಅವರ್ ಆಗುತ್ತದೆ. ಕಂಪ್ರೆಸರ್ ಫ್ರಿಜ್ ಇರುವವರು 120 ಹಿಡಿಯಿರಿ.

ಈಗ ಅಂಗಡಿಗೆ ಹೋಗೋಣ. ಗಾಲ್ಫ್ ಕಾರ್ಟಿನ 6 ವೋಲ್ಟ್ ಬ್ಯಾಟರಿ ಎರಡನ್ನು ಸೀರೀಸ್‌ನಲ್ಲಿ (ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ) ಜೋಡಿಸಿದರೆ 12 ವೋಲ್ಟ್, ಸುಮಾರು 220 ಆಂಪ್-ಅವರ್. ಬಳಸಲು ಸಿಗುವುದು 110. ಗಟ್ಟಿ ಸಾಮಾನು. ಆದರೆ ಜೋಡಿಯ ತೂಕ 55 ಕಿಲೋ ದಾಟುತ್ತದೆ, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 100 ಆಂಪ್-ಅವರಿನದ್ದು 11ರಿಂದ 13 ಕಿಲೋ ಅಷ್ಟೆ. ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು. ಬೆಲೆಯೂ ಮೊದಲಿನಷ್ಟು ಇಲ್ಲ. ನಾನು ಹಾಕಿಸಿಕೊಂಡಿದ್ದು 100ರ ಎರಡು. ಒಂದೇ ಯಾಕೆ ಬೇಡ ಅಂದರೆ, ಅದರೊಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಸಾಮಾನ್ಯವಾಗಿ ಒಂದೇ ಸಮನೆ 100 ಆಂಪ್‌ವರೆಗೆ ಮಾತ್ರ ಬಿಡುತ್ತದೆ. ಇನ್ವರ್ಟರ್ ಮೂಲಕ ಮೈಕ್ರೋವೇವ್ ಕೇಳುವುದು 130. ಒಂದೇ ಬ್ಯಾಟರಿ ಇದ್ದರೆ ಪಟ್ ಅಂತ ಎಲ್ಲ ಆರುತ್ತದೆ.

ಲಿಥಿಯಮ್ಮಿಗೂ ಒಂದು ದೌರ್ಬಲ್ಯ ಇದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಮಾಡಬಾರದು. ಬಳಸಬಹುದು, ತುಂಬಿಸುವಂತಿಲ್ಲ. ಫ್ಲ್ಯಾಗ್‌ಸ್ಟಾಫ್ ಇರುವುದು 2,100 ಮೀಟರ್ ಎತ್ತರದಲ್ಲಿ, ಅಕ್ಟೋಬರ್ ರಾತ್ರಿಗಳಲ್ಲೇ ನೀರು ಹೆಪ್ಪುಗಟ್ಟುತ್ತದೆ. ಹಾಗಾಗಿ ಕಡಿಮೆ ತಾಪಮಾನದಲ್ಲಿ ತಾನೇ ಚಾರ್ಜ್ ನಿಲ್ಲಿಸುವ ಬ್ಯಾಟರಿಯನ್ನೇ ಕೇಳಿ ಕೊಳ್ಳಿ. ಹೀಟರ್ ಇರುವ ಮಾದರಿಗಳೂ ಸಿಗುತ್ತವೆ. ಇಲ್ಲವಾದರೆ ಬ್ಯಾಟರಿಯನ್ನು ಟ್ರೇಲರಿನ ಒಳಕ್ಕೇ ತಂದುಬಿಡಿ. ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೇ ಅದು ಹೊರಗಿನ ಡಬ್ಬದಲ್ಲಿರುವುದು. ಲಿಥಿಯಮ್ಮಿಗೆ ಆ ತೊಂದರೆ ಇಲ್ಲ. ನಮ್ಮದು ಮುಂಭಾಗದ ಪಾಸ್-ಥ್ರೂನಲ್ಲಿ, ಅಂದರೆ ಎರಡೂ ಬದಿಯಿಂದ ತೆರೆಯುವ ಸಾಮಾನಿನ ಗೂಡಿನಲ್ಲಿದೆ. ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಹಿಂಭಾಗಕ್ಕೆ ಮಾತ್ರ ಒಯ್ಯಬೇಡಿ. ಟ್ರೇಲರ್ ತೂಕದ ನೂರಕ್ಕೆ 10ರಿಂದ 15ರಷ್ಟು ಮೂಕಿಯ ಮೇಲೆ ಇರಬೇಕು. ಅದು ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ಬ್ಯಾಟರಿ ಬದಲಾದರೆ ಚಾರ್ಜ್ ಮಾಡುವ ಕಡೆಯೂ ಬದಲಾಗಬೇಕು. ಇದನ್ನು ಜನ ಮರೆಯುತ್ತಾರೆ. ಟ್ರೇಲರಿನ ಫ್ಯೂಸ್ ಪೆಟ್ಟಿಗೆಯ ಕೆಳಗೆ ಕೂತು ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬಿಸುವ ಕನ್ವರ್ಟರ್ ಲೆಡ್ಡಿಗಾಗಿ ಮಾಡಿದ್ದಾದರೆ ಹೆಚ್ಚು ಹೊತ್ತು 13.6 ವೋಲ್ಟಿನಲ್ಲೇ ನಿಂತಿರುತ್ತದೆ. ಲಿಥಿಯಮ್ಮಿಗೆ ಬೇಕಾದದ್ದು 14.4ರ ಸುತ್ತಮುತ್ತ. ಕೆಲವು ಕನ್ವರ್ಟರ್‌ಗಳಲ್ಲಿ ಲಿಥಿಯಂ ಸ್ವಿಚ್ ಮೊದಲೇ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಪೆಟ್ಟಿಗೆ ಹಾಗೇ ಬಿಟ್ಟು ಕೆಳಗಿನ ಚಾರ್ಜರ್ ಭಾಗವನ್ನಷ್ಟೇ ಬದಲಿಸಬಹುದು. ಪ್ರೊಗ್ರೆಸಿವ್ ಡೈನಮಿಕ್ಸ್ ಕಂಪನಿ ಅಂಥದ್ದು ಮಾಡುತ್ತದೆ. ಅಲ್ಲಿ 120 ವೋಲ್ಟ್ ಇರುತ್ತದೆ, ಹೊರಗಿನ ಪ್ಲಗ್ ಕಿತ್ತೇ ಕೈ ಹಾಕಿ. ಧೈರ್ಯ ಇಲ್ಲದಿದ್ದರೆ ಬಲ್ಲವರನ್ನು ಕರೆಯಿರಿ.

ಪಿಕಪ್‌ನಿಂದ ಬರುವ 7-ಪಿನ್ ವೈರಿನ ಮೇಲೂ ಕಣ್ಣಿಡಿ. ಖಾಲಿ ಲಿಥಿಯಂ ಸಿಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. ಆ ಸಣ್ಣ ವೈರಿಗೂ ಆಲ್ಟರ್ನೇಟರಿಗೂ ಅದು ಹೊರೆ. ನಡುವೆ ಒಂದು ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಅದು ಮಿತಿಯಲ್ಲಿ ಇಡುತ್ತದೆ. ಸೋಲಾರ್ ಕಂಟ್ರೋಲರ್ ಇದ್ದರೆ ಅದರಲ್ಲೂ ಬ್ಯಾಟರಿ ಬಗೆಯನ್ನು ಲಿಥಿಯಂ ಅಂತ ಬದಲಿಸಿ, ಲೆಡ್ಡಿಗಾಗಿ ಹೆಚ್ಚು ವೋಲ್ಟ್ ಕೊಡುವ ಈಕ್ವಲೈಸ್ ಅನ್ನೋದನ್ನು ಆಫ್ ಮಾಡಿ. 200 ವ್ಯಾಟಿನ ಪ್ಯಾನೆಲ್ ನಮ್ಮ ಡಿಸೆಂಬರ್ ಬಿಸಿಲಿಗೆ ದಿನಕ್ಕೆ 50 ಆಂಪ್-ಅವರ್ ಕೊಟ್ಟರೆ ಸಂತೋಷ. 70 ಖರ್ಚಾದರೆ ದಿನಕ್ಕೆ 20 ಸಾಲ. 200ರ ಬ್ಯಾಟರಿ ಆ ಸಾಲವನ್ನು ವಾರಕ್ಕೂ ಮೀರಿ ತಡೆಯುತ್ತದೆ.

ಇನ್ನು ಜೋಡಣೆ. ವೈರು ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಕಾರಿನಲ್ಲಿ ಕಪ್ಪು ಅಂದರೆ ನೆಗೆಟಿವ್. ಅಮೆರಿಕದ ಎಷ್ಟೋ ಟ್ರೇಲರ್‌ಗಳ 12 ವೋಲ್ಟ್ ವೈರಿಂಗ್‌ನಲ್ಲಿ ಕಪ್ಪೇ ಪಾಸಿಟಿವ್, ಬಿಳಿಯದು ನೆಗೆಟಿವ್! ಬಣ್ಣ ನಂಬದೆ ಮೀಟರ್ ಇಟ್ಟು ನೋಡಿ. ಅದಲು ಬದಲಾದರೆ ಕನ್ವರ್ಟರಿನ ರಿವರ್ಸ್ ಪೋಲಾರಿಟಿ ಫ್ಯೂಸ್ ಸುಡುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಎರಡೂ ಬ್ಯಾಟರಿಯನ್ನು ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ ಆಮೇಲೆ ಪ್ಯಾರಲಲ್ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್) ಜೋಡಿಸಿ. ಟ್ರೇಲರಿಗೆ ಹೋಗುವ ಪಾಸಿಟಿವ್ ಒಂದರಿಂದ, ನೆಗೆಟಿವ್ ಇನ್ನೊಂದರಿಂದ ಹೊರಡಲಿ. ಆಗ ಎರಡೂ ಸಮನಾಗಿ ದುಡಿಯುತ್ತವೆ.

ಫ್ಯೂಸಿನಲ್ಲಿ ಜಿಪುಣತನ ಬೇಡ. ಶಾರ್ಟ್ ಆದರೆ ಲಿಥಿಯಂ ಸಾವಿರಾರು ಆಂಪ್ ಕಕ್ಕಬಹುದು. ಪಾಸಿಟಿವ್ ತುದಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಕ್ಲಾಸ್-ಟಿ ಫ್ಯೂಸ್ ಹಾಕಿ, ಅಂಥ ಭಾರೀ ಕರೆಂಟನ್ನೂ ಅದು ಕಡಿಯುತ್ತದೆ. 2,000 ವ್ಯಾಟ್ ಇನ್ವರ್ಟರಿಗೆ ನಾನು ಹಾಕಿದ್ದು 250 ಆಂಪ್ ಫ್ಯೂಸ್, 2/0 ಗಾತ್ರದ ದಪ್ಪ ತಾಮ್ರದ ಕೇಬಲ್, ಅದೂ ಆದಷ್ಟು ಗಿಡ್ಡ.

ಎಷ್ಟೇ ಅವಸರ ಇದ್ದರೂ ಬ್ರೇಕ್‌ಅವೇ ಸ್ವಿಚ್ ಮರೆಯಬೇಡಿ. ಓಡುವಾಗ ಟ್ರೇಲರ್ ಪಿಕಪ್‌ನಿಂದ ಕಳಚಿದರೆ ಬ್ರೇಕ್ ಹಾಕಿಸುವುದು ಅದೇ, ಅದಕ್ಕೆ ಶಕ್ತಿ ಈ ಬ್ಯಾಟರಿಯದ್ದೇ. ಅದರ ವೈರು ಬ್ಯಾಟರಿ ಆಫ್ ಮಾಡುವ ಡಿಸ್ಕನೆಕ್ಟ್ ಸ್ವಿಚ್ಚಿನ ಮೂಲಕ ಹೋಗದೆ, ಫ್ಯೂಸಿನೊಂದಿಗೆ ನೇರ ಬ್ಯಾಟರಿಗೆ ಹೋಗಬೇಕು. ಕೆಲಸ ಮುಗಿದ ಮೇಲೆ ಪಿನ್ ಎಳೆದು, ಚಕ್ರ ಹಿಡಿದುಕೊಳ್ಳುತ್ತದಾ ಅಂತ ನೋಡಿ.

ಗೋಡೆಯ ಮೇಲಿನ ನಾಲ್ಕು ದೀಪದ ಮೀಟರ್ ಇನ್ನು ಪ್ರಯೋಜನಕ್ಕಿಲ್ಲ. ಲೆಡ್ ಬ್ಯಾಟರಿ ತುಂಬಿದಾಗ 12.7 ವೋಲ್ಟ್, ಅರ್ಧಕ್ಕೆ 12.1, ಹಾಗಾಗಿ ಅಂದಾಜು ಸಿಗುತ್ತಿತ್ತು. ಲಿಥಿಯಂ ಬಹುಪಾಲು ಹೊತ್ತು 13.2ರ ಹತ್ತಿರವೇ ನಿಂತು ಕೊನೆಗೆ ದಿಢೀರ್ ಕುಸಿಯುತ್ತದೆ. ಒಳಗೆ ಹೋಗುವ, ಹೊರಗೆ ಬರುವ ಆಂಪ್‌ಗಳನ್ನು ಎಣಿಸುವ ಶಂಟ್ ಬೇಕು. ನಮ್ಮದು ವಿಕ್ಟ್ರಾನ್ ಸ್ಮಾರ್ಟ್‌ಶಂಟ್, ಫೋನಿನಲ್ಲೇ ಕಾಣುತ್ತದೆ. ಬ್ಯಾಟರಿಯ ನೆಗೆಟಿವ್‌ಗೆ ಶಂಟ್ ಬಿಟ್ಟರೆ ಬೇರಾವ ವೈರೂ ನೇರ ಹೋಗಬಾರದು. ಒಂದು ಹೋದರೂ ಲೆಕ್ಕ ಸುಳ್ಳು.

ಬೇಸಿಗೆಯಲ್ಲಿ ಫೀನಿಕ್ಸ್ ಕಡೆ ಟ್ರೇಲರ್ ಬಿಸಿಲಲ್ಲಿ ನಿಂತರೆ ಒಳಗಡೆ ಒಲೆಯಾಗಿರುತ್ತದೆ. ಜೂನ್‌ಗೆ ಮೊದಲೇ ಅರ್ಧ ಚಾರ್ಜಿಗೆ ಇಳಿಸಿ, ಬಿಚ್ಚಿ ಮನೆಯೊಳಗೆ ಇಡುತ್ತೇನೆ. 12 ಕಿಲೋ ಅಲ್ವಾ, ನಾನೊಬ್ಬಳೇ ಎತ್ತುತ್ತೇನೆ. ಹಳೆಯ ಲೆಡ್ ಬ್ಯಾಟರಿಯನ್ನು ಗ್ಯಾರೇಜಿನಲ್ಲಿ ಕೊಳೆಸಬೇಡಿ. ಆಟೋ ಪಾರ್ಟ್ಸ್ ಅಂಗಡಿಯವರು ರೀಸೈಕಲ್ ಮಾಡಲು ತೆಗೆದುಕೊಳ್ಳುತ್ತಾರೆ, ಕೆಲವರು ಅದಕ್ಕೆ ಒಂದಿಷ್ಟು ಡಾಲರಿನ ಗಿಫ್ಟ್ ಕಾರ್ಡನ್ನೂ ಕೊಡುತ್ತಾರೆ.