ಎಲೆಮರೆ ಕಾಯಿಗೆ ಎಷ್ಟು ದುಡ್ಡು ಕೊಡ್ಬೋದು? ಕೋಲ್ಟನ್ ಮೆಕಿವಿಟ್ಜ್ ಲೆಕ್ಕ ನಾನು ಹಾಕಿದ್ದು ಹೀಗೆ

ಅಮೆರಿಕನ್ ಫುಟ್ಬಾಲ್ ನೋಡೋ ನಮ್ಮ ಜನ ನಾಲ್ಕು ಮಂದಿ ಸೇರಿದ್ರೆ ಮಾತೆಲ್ಲ ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಬಗ್ಗೆ, ಇಲ್ಲಾಂದ್ರೆ ಅದನ್ನ ಹಿಡಿಯೋ ರಿಸೀವರ್ ಬಗ್ಗೆ. ಬಾಲ್ ಕೈಗೇ ತಗೊಳ್ದೆ ಇರೋರನ್ನ ಯಾರೂ ಕೇಳಲ್ಲ. ನನಗೆ ಮಾತ್ರ ಮುಂದ್ಗಡೆ ನಿಲ್ಲೋ ಆ ಐದು ಜನ, ಅಫೆನ್ಸಿವ್ ಲೈನ್, ಅವ್ರನ್ನ ನೋಡೋದೇ ಇಷ್ಟ. ನಾನಿರೋದು ಸನ್ನಿವೇಲ್‌ನಲ್ಲಿ, ಲೀವೈಸ್ ಸ್ಟೇಡಿಯಂ ಪಕ್ಕದ ಊರು, ಹಾಗಾಗಿ ಟೀಮು ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸೇ, ಚಿಕ್ಕದಾಗಿ ನೈನರ್ಸ್. ಪ್ರತಿ ಬೇಸಿಗೇಲಿ, ಆಟ ಇಲ್ದಿರೋ ಟೈಮಲ್ಲಿ, ಯಾರಾದ್ರೂ ಒಬ್ಬ ಆಟಗಾರನ್ನ ಹಿಡ್ಕೊಂಡು ಇವನನ್ನ ಮತ್ತೆ ಸೈನ್ ಮಾಡ್ಬೇಕಾ ಬೇಡ್ವಾ ಅಂತ ಪೂರ್ತಿ ಲೆಕ್ಕ ಹಾಕಿ ನಮ್ಮ ಗ್ರೂಪಿಗೆ ಹಾಕ್ತೀನಿ. 2025ರಲ್ಲಿ ಹಿಡ್ಕೊಂಡಿದ್ದು ರೈಟ್ ಟ್ಯಾಕಲ್ ಕೋಲ್ಟನ್ ಮೆಕಿವಿಟ್ಜ್‌ನ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಲೈನಿನ ಎರಡು ತುದೀಲಿ ನಿಲ್ಲೋರು ಟ್ಯಾಕಲ್‌ಗಳು. ಎದುರು ಟೀಮಿನ ಅತಿ ವೇಗದ, ಅತಿ ದುಬಾರಿ ಪಾಸ್ ರಷರ್‌ಗಳು, ಅಂದ್ರೆ ಕ್ವಾರ್ಟರ್‌ಬ್ಯಾಕ್‌ನ ಹಿಡಿಯೋಕೆ ನುಗ್ಗೋರು, ಬರೋದು ಇವ್ರ ಮೇಲೇನೆ. ಇವ್ರ ಕೆಲಸ ನಮ್ಮ ಕೀಪರ್‌ಗಳ ಕೆಲಸದ ಥರ, ದಿನವಿಡೀ ಬಾಲ್ ಹಿಡಿದ್ರೂ ಸ್ಕೋರ್‌ಬೋರ್ಡಲ್ಲಿ ಏನೂ ಕಾಣಲ್ಲ, ಒಂದು ಕೈ ಜಾರಿದ್ರೆ ಮಾತ್ರ ಇಡೀ ಸ್ಟೇಡಿಯಂಗೆ ಹೆಸರು ಗೊತ್ತಾಗತ್ತೆ.

ಮೆಕಿವಿಟ್ಜ್ ಕಥೆ ಕೇಳಿ. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ ಹುಡುಗ, 2020ರ ಡ್ರಾಫ್ಟಲ್ಲಿ (ಟೀಮ್‌ಗಳು ಕಾಲೇಜು ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು) ನೈನರ್ಸ್ ತಗೊಂಡಿದ್ದು ಐದನೇ ರೌಂಡಲ್ಲಿ. 2021ರಲ್ಲಿ ಟೀಮಿಂದ ಕಟ್ ಮಾಡಿ ಪ್ರಾಕ್ಟೀಸ್ ಸ್ಕ್ವಾಡಿಗೆ, ಅಂದ್ರೆ ಹೆಚ್ಚಾಗಿ ಅಭ್ಯಾಸಕ್ಕೆ ಇಟ್ಕೊಳ್ಳೋರ ಗುಂಪಿಗೆ, ಹಾಕಿದ್ರು. ಆ ಸೀಸನ್ನಿನ ಕೊನೇ ಮ್ಯಾಚು, ರ‍್ಯಾಮ್ಸ್ ವಿರುದ್ಧ, ಗೆದ್ರೆ ಪ್ಲೇಆಫ್, ಟ್ರೆಂಟ್ ವಿಲಿಯಮ್ಸ್‌ಗೆ ಗಾಯ, ಆ ಜಾಗದಲ್ಲಿ ಲೆಫ್ಟ್ ಟ್ಯಾಕಲ್ ಆಗಿ ನಿಂತಿದ್ದು ಇವನೇ, ಓವರ್‌ಟೈಮಲ್ಲಿ 27-24 ಗೆದ್ರು. ಅವತ್ತೇ ಇವನ ಹೆಸರು ನನ್ನ ತಲೇಲಿ ಕೂತಿದ್ದು. 2023ರಲ್ಲಿ ನಮ್ಮ ರೈಟ್ ಟ್ಯಾಕಲ್ ಆಗಿದ್ದ ಮೈಕ್ ಮೆಗ್ಲಿಂಚಿ ಐದು ವರ್ಷಕ್ಕೆ 87.5 ಮಿಲಿಯನ್ ಡಾಲರ್‌ಗೆ ಡೆನ್ವರ್‌ಗೆ ಹೋದ. ಆತ 2018ರ ಡ್ರಾಫ್ಟಲ್ಲಿ ಒಂಬತ್ತನೇ ಪಿಕ್, ಮೊದಲ ರೌಂಡಿನ ಮರ್ಯಾದೆಯ ಆಟಗಾರ. ಅವನ ಜಾಗಕ್ಕೆ ನೈನರ್ಸ್ ತಂದಿದ್ದು ಯಾರನ್ನೂ ಅಲ್ಲ, ಮನೇಲೇ ಇದ್ದ ಮೆಕಿವಿಟ್ಜ್‌ನ, ಎರಡು ವರ್ಷಕ್ಕೆ ಸುಮಾರು 4.6 ಮಿಲಿಯನ್. ಆ ಎರಡು ಸೀಸನ್ನೂ, 2023 ಮತ್ತೆ 2024, ಹದಿನೇಳಕ್ಕೆ ಹದಿನೇಳೂ ಮ್ಯಾಚ್ ಶುರುವಿಂದಲೇ ಆಡ್ದ. ನಡುವೆ ಟೀಮ್ ಒಂದು ವರ್ಷ ಸೇರಿಸಿ ಕಾಂಟ್ರ್ಯಾಕ್ಟನ್ನ 2025ರ ಕೊನೆ ತನಕ ಎಳೀತು. ಅಂದ್ರೆ ನಾನು ಲೆಕ್ಕಕ್ಕೆ ಕೂತಾಗ ಇನ್ನು ಒಂದು ಸೀಸನ್ ಮಾತ್ರ ಬಾಕಿ, ವಯಸ್ಸು 29.

ಮೊದಲ ಕೆಲಸ ಯಾವಾಗ್ಲೂ ಟೇಪ್ ನೋಡೋದು. ಟಿವಿಲಿ ಬರೋ ಕ್ಯಾಮೆರಾ ಬಾಲ್ ಹಿಂದೆ ಓಡತ್ತೆ, ಲೈನ್‌ಮನ್ ನೋಡೋಕೆ ಅದು ಪ್ರಯೋಜನ ಇಲ್ಲ. ಎನ್‌ಎಫ್‌ಎಲ್ ಪ್ಲಸ್ ಪ್ರೀಮಿಯಂ (ಲೀಗಿನದೇ ವಿಡಿಯೋ ಸೇವೆ) ತಗೊಂಡ್ರೆ ಆಲ್-22 ಸಿಗತ್ತೆ, ಇಪ್ಪತ್ತೆರಡು ಜನಾನೂ ಕಾಣೋ ಆ್ಯಂಗಲ್ಲು, ಅದ್ರಲ್ಲಿ ಎಂಡ್‌ಝೋನ್ ಕಡೆಯಿಂದ ತೆಗೆದಿರೋದು ಒಂದಿದೆ ನೋಡಿ, ಅದೇ ನನಗೆ ಬೇಕಿರೋದು, ಟ್ಯಾಕಲ್‌ನ ಬೆನ್ನು, ಸೊಂಟ, ಪಾದ ಎಲ್ಲಾ ಸರಿಯಾಗಿ ಕಾಣ್ಸತ್ತೆ. ಎಲ್ಲಾ ಮ್ಯಾಚ್ ನೋಡೋಕೆ ಹೋಗಲ್ಲ. ಕಷ್ಟದ ಎದುರಾಳಿ ಇರೋದನ್ನ ಮಾತ್ರ ಆರಿಸ್ಕೊತೀನಿ: 2023ರ ಪಿಟ್ಸ್‌ಬರ್ಗ್‌ನಲ್ಲಿ ಟಿ.ಜೆ. ವಾಟ್, ಅದೇ ವರ್ಷ ಕ್ಲೀವ್‌ಲ್ಯಾಂಡಲ್ಲಿ ಮೈಲ್ಸ್ ಗ್ಯಾರೆಟ್, 2024ರಲ್ಲಿ ರ‍್ಯಾಮ್ಸ್‌ನ ಜ್ಯಾರೆಡ್ ವರ್ಸ್. ದುರ್ಬಲ ಎದುರಾಳಿ ಮುಂದೆ ಎಲ್ರೂ ಚೆನ್ನಾಗೇ ಕಾಣ್ತಾರೆ.

ನನ್ನ ಶೀಟಲ್ಲಿ ಪ್ರತಿ ಪಾಸ್ ಪ್ಲೇಗೂ ನಾಲ್ಕೇ ಕಾಲಮ್. ಒಬ್ಬನೇ ಇದ್ನಾ. ಪಕ್ಕದವರ ಸಹಾಯ ಇತ್ತಾ. ಸೋತಿದ್ರೆ ಬೇಗ ಸೋತ್ನಾ. ಇಲ್ಲಾ ಕ್ವಾರ್ಟರ್‌ಬ್ಯಾಕ್ ಬಾಲ್ ಹಿಡ್ಕೊಂಡು ತಿರುಗಾಡ್ತಾ ಇದ್ದಾಗ ತಡವಾಗಿ ಸೋತ್ನಾ. ಈ ಕೊನೇದು ನೈನರ್ಸ್ ವಿಷಯದಲ್ಲಿ ತುಂಬಾ ಮುಖ್ಯ, ಯಾಕಂದ್ರೆ ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ, ಮೊದಲು ನೋಡಿದ ರಿಸೀವರ್ ಖಾಲಿ ಸಿಗ್ಲಿಲ್ಲ ಅಂದ್ರೆ, ಪಾಕೆಟ್ (ಲೈನ್ ಕಾಯ್ತಾ ಇರೋ ಜಾಗ) ಬಿಟ್ಟು ಹಿಂದಕ್ಕೋ ಪಕ್ಕಕ್ಕೋ ಓಡ್ತಾನೆ, ಎಷ್ಟೋ ದೊಡ್ಡ ಪ್ಲೇ ಹಾಗೇ ಹುಟ್ಟಿದ್ದು, ಆದ್ರೆ ಬೆನ್ನು ತಿರುಗಿಸಿ ತಡೀತಾ ಇರೋ ಟ್ಯಾಕಲ್‌ಗೆ ಪರ್ಡಿ ಈಗ ಎಲ್ಲಿದಾನೆ ಅಂತಾನೇ ಗೊತ್ತಿರಲ್ಲ, ಮೂರು ಸೆಕೆಂಡ್ ಚೆನ್ನಾಗಿ ತಡೆದಿದ್ರೂ ನಾಲ್ಕನೇ ಸೆಕೆಂಡಲ್ಲಿ ಸ್ಯಾಕ್ ಆದ್ರೆ, ಅಂದ್ರೆ ಬಾಲ್ ಎಸೆಯೋ ಮುಂಚೆ ಪರ್ಡಿನ ಕೆಡವಿದ್ರೆ, ಲೆಕ್ಕದ ಪುಸ್ತಕದಲ್ಲಿ ಇವನ ಹೆಸರೇ ಬರೀತಾರೆ. ಅದಕ್ಕೇ ಸ್ಯಾಕ್ ಸಂಖ್ಯೆ ಒಂದನ್ನೇ ನೋಡಿ ಲೈನ್‌ಮನ್ ಬಗ್ಗೆ ತೀರ್ಪು ಕೊಡೋದನ್ನ ನಾನು ಒಪ್ಪೋದೇ ಇಲ್ಲ.

ಪಿಟ್ಸ್‌ಬರ್ಗ್ ಮ್ಯಾಚ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ರೈಟ್ ಟ್ಯಾಕಲ್ ಕೆಲಸ ಪೂರ್ತಿ ತನ್ನದಾದ ಮೇಲೆ ಮೆಕಿವಿಟ್ಜ್‌ನ ಮೊದಲ ಮ್ಯಾಚ್, ಎದುರಿಗೆ ವಾಟ್. ವಾಟ್ ಮೂರು ಸ್ಯಾಕ್ ಮಾಡ್ದ, ಅದರ ಜೊತೆ ಎರಡು ಸಲ ನಮ್ಮೋರ ಕೈಯಿಂದ ಬಾಲ್ ಬೀಳಿಸ್ದ. ಟೀಮ್ 30-7 ಗೆದ್ದಿದ್ರಿಂದ ಗಲಾಟೆ ಜಾಸ್ತಿ ಆಗ್ಲಿಲ್ಲ ಅಷ್ಟೆ. ಅದನ್ನ ಸ್ಲೋ ಮಾಡಿ ಮಾಡಿ ನೋಡಿದೀನಿ. ನಾನು ಕೈ ನೋಡಲ್ಲ, ಮೊದಲು ಪಾದ. ಸ್ನ್ಯಾಪ್ ಆದ (ಪ್ಲೇ ಶುರುವಾಗೋಕೆ ಬಾಲ್ ಹಿಂದಕ್ಕೆ ಕೊಟ್ಟ) ತಕ್ಷಣ ಬಲಗಾಲು ಹಿಂದಕ್ಕೆ ಎಷ್ಟು ಆಳಕ್ಕೆ ಹೋಗತ್ತೆ, ಎಡಗಾಲು ಅದನ್ನ ಹಿಂಬಾಲಿಸೋವಾಗ ಎರಡು ಪಾದ ಒಂದಕ್ಕೊಂದು ಹತ್ರ ಬಂದ್ಬಿಡತ್ತಾ, ಎದುರಾಳಿ ಭುಜ ತಗ್ಗಿಸಿ ತಿರುಗೋವಾಗ ಸೊಂಟ ಬೇಗ ತೆರೆದ್ಕೊಳತ್ತಾ. ಸೊಂಟ ಬೇಗ ತೆರೆದ್ರೆ ಒಳಗಡೆ ದಾರಿ ಖಾಲಿ, ತಡವಾಗಿ ತೆರೆದ್ರೆ ಹೊರಗಡೆಯಿಂದ ಸುತ್ತು ಹಾಕಿ ಬಂದ್ಬಿಡ್ತಾನೆ. ವಾಟ್ ಥರದೋನು ಆ ಅರ್ಧ ಹೆಜ್ಜೇಗೇ ಕಾಯ್ತಾ ಇರ್ತಾನೆ. ಆಮೇಲೆ ಅದೇ ಕಣ್ಣಲ್ಲಿ 2024ರ ಟೇಪ್ ನೋಡ್ದೆ. ಆಳ ಸರಿಯಾಗಿದೆ, ಅವಸರ ಕಮ್ಮಿ ಆಗಿದೆ, ಮೊದಲೇ ಸೋಲೋದು ಕಮ್ಮಿ ಆಗಿದೆ. ಅದ್ಭುತ ಅಂತ ಹೇಳಲ್ಲ, ತೋಳು ಉದ್ದ ಇರೋ ಬಲಶಾಲಿ ನೇರ ಎದೆಗೆ ನುಗ್ಗಿದ್ರೆ ಈಗ್ಲೂ ಎರಡು ಹೆಜ್ಜೆ ಹಿಂದೆ ಹೋಗ್ತಾನೆ. ಆದ್ರೆ ಎರಡು ವರ್ಷದಲ್ಲಿ ಆದ ಸುಧಾರಣೆ ಕಣ್ಣಿಗೆ ಹೊಡ್ಯೋ ಹಾಗಿತ್ತು, ಪಕ್ಕದಲ್ಲಿ 2024ರಲ್ಲಿ ಬಂದ ರೈಟ್ ಗಾರ್ಡ್ ಡಾಮಿನಿಕ್ ಪುನಿ ಜೊತೆ ಹೊಂದಾಣಿಕೆಯೂ ಚೆನ್ನಾಗಿ ಬಂದಿತ್ತು.

ಗ್ರೂಪಲ್ಲಿ ಒಬ್ಬ ಮೈಸೂರು ಗೆಳೆಯ ಇದಾನೆ, ಅವನ ವಾದ ಬೇರೆ. "ಮಗಾ, ಶಾನಹಾನ್ ಸಿಸ್ಟಮ್ಮೇ ಹಂಗಿದೆ, ಯಾರನ್ನ ನಿಲ್ಸಿದ್ರೂ ರನ್ ಓಡತ್ತೆ, ಇವನಿಗ್ ಯಾಕೋ ಅಷ್ಟು ದುಡ್ಡು?" ಅಂದ (ಶಾನಹಾನ್ ಅಂದ್ರೆ ನೈನರ್ಸ್ ಕೋಚ್, ರನ್ ಅಂದ್ರೆ ಬಾಲ್ ಹಿಡ್ಕೊಂಡು ಓಡೋ ಪ್ಲೇ). ರನ್ ವಿಷಯದಲ್ಲಿ ಅವನ ಮಾತು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. 2023ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ 1,459 ಯಾರ್ಡ್ ಓಡಿ ಲೀಗಿಗೇ ಮೊದಲಿಗ, ಅವನು ಇಲ್ದೆ 2024ರ ಮೊದಲ ಮ್ಯಾಚಲ್ಲಿ ಜೆಟ್ಸ್ ವಿರುದ್ಧ ಜೋರ್ಡನ್ ಮೇಸನ್ 147 ಯಾರ್ಡ್ ಓಡ್ದ. ಆದ್ರೆ ಇಬ್ಬರ ಮುಂದೇನೂ ರೈಟ್ ಟ್ಯಾಕಲ್ ಅದೇ ಮೆಕಿವಿಟ್ಜ್ ಅಲ್ವಾ? ಔಟ್‌ಸೈಡ್ ಝೋನಲ್ಲಿ, ಅಂದ್ರೆ ಲೈನಿನ ತುದಿ ಕಡೆ ಓಡೋ ರನ್ ಪ್ಲೇಲಿ, ಬಾಲ್ ಎಡಕ್ಕೆ ಹೋಗೋವಾಗ ಬಲಗಡೆ ಟ್ಯಾಕಲ್ ಓಡಿ ಹೋಗಿ ಹಿಂದಿಂದ ಬರೋನ್ನ ಕಾಲಿಗೆ ಅಡ್ಡ ಬಿದ್ದು ತಡೀಬೇಕು, ಅದನ್ನ ಟಿವಿ ತೋರ್ಸಲ್ಲ, ಆದ್ರೆ ಕಟ್‌ಬ್ಯಾಕ್ ದಾರಿ, ಓಡೋನು ತಿರುಗಿ ನುಗ್ಗೋ ದಾರಿ, ತೆರೆಯೋದೇ ಅಲ್ಲಿ. ಇನ್ನು ಮೂರನೇ ಡೌನು (ನಾಲ್ಕು ಪ್ರಯತ್ನದಲ್ಲಿ ಮೂರನೇದು), ಹತ್ತು ಯಾರ್ಡ್ ಬೇಕು ಅನ್ನೋ ಹೊತ್ತಲ್ಲಿ ಯಾವ ಸಿಸ್ಟಮ್ಮೂ ಕೈ ಹಿಡಿಯಲ್ಲ, ಅಲ್ಲಿ ಒಬ್ಬನಿಗೆ ಒಬ್ಬ.

ಸಹಾಯದ ಕಾಲಮ್ ಬಗ್ಗೆ ಇನ್ನೊಂದು ಮಾತು. ತಡೆಯೋದು, ಪಾಸ್ ಹಿಡಿಯೋದು ಎರಡೂ ಮಾಡೋ ಟೈಟ್ ಎಂಡ್ ಹತ್ರ ಚಿಪ್ ಮಾಡಿಸಿ, ಅಂದ್ರೆ ಎದುರಾಳಿಗೆ ಒಂದು ತಳ್ಳು ಕೊಡಿಸಿ, ಟ್ಯಾಕಲ್‌ನ ಕಾಪಾಡ್ಬೋದು, ನೈನರ್ಸ್‌ನ ಜಾರ್ಜ್ ಕಿಟಲ್ ಥರ ತಡೆಯೋನು ಇದ್ರೆ ಇನ್ನೂ ಒಳ್ಳೇದು. ಆದ್ರೆ ಪಾಸ್ ಹಿಡೀಬೇಕಾದೋನು ತಡೀತಾ ನಿಂತ್ರೆ ಒಬ್ಬ ರಿಸೀವರ್ ಕಮ್ಮಿ ಆದ ಹಾಗೆ. 2023ರ ಜನವರಿ 29, ಫಿಲಡೆಲ್ಫಿಯಾದಲ್ಲಿ ಎನ್‌ಎಫ್‌ಸಿ ಫೈನಲ್ (ಗೆದ್ರೆ ಸೂಪರ್ ಬೌಲ್), ಎದುರು ಟೀಮಿನ ಹಾಸನ್ ರೆಡಿಕ್‌ನ ತಡೆಯೋ ಕೆಲಸ ಟೈಟ್ ಎಂಡ್ ಟೈಲರ್ ಕ್ರಾಫ್ಟ್ ಮೇಲೆ ಬಿತ್ತು, ರೆಡಿಕ್ ಕೈ ಪರ್ಡಿ ತೋಳಿಗೆ ಬಡೀತು, ಮೊಣಕೈ ಲಿಗಮೆಂಟ್ ಹರಿದೋಯ್ತು, ಆಮೇಲೆ ಬಂದ ಜೋಶ್ ಜಾನ್ಸನ್‌ಗೂ ತಲೆಗೆ ಏಟು, 31-7 ಸೋಲು. ಒಂದೇ ಒಂದು ತಡೆ ತಪ್ಪಿದ್ದಕ್ಕೆ ಇಡೀ ಸೀಸನ್ ಹೋಯ್ತು. 2025ರ ಮೇನಲ್ಲಿ ಅದೇ ಪರ್ಡಿಗೆ ಐದು ವರ್ಷಕ್ಕೆ 265 ಮಿಲಿಯನ್ ಕೊಟ್ಟಿದಾರೆ. ಅಷ್ಟು ದುಡ್ಡಿನ ಮನುಷ್ಯನ ಮುಂದೆ ಯಾರನ್ನ ನಿಲ್ಲಿಸ್ತೀರ ಅನ್ನೋದು ಚಿಕ್ಕ ಪ್ರಶ್ನೆ ಅಲ್ವೇ ಅಲ್ಲ.

ಸರಿ, ಈಗ ದುಡ್ಡು. ಎನ್‌ಎಫ್‌ಎಲ್‌ನಲ್ಲಿ ಹಾಸಿಗೆ ಎಲ್ರಿಗೂ ಒಂದೇ ಉದ್ದ, ಸ್ಯಾಲರಿ ಕ್ಯಾಪ್ ಅಂತ, ಒಂದು ಟೀಮು ಆಟಗಾರರ ಮೇಲೆ ವರ್ಷಕ್ಕೆ ಖರ್ಚು ಮಾಡ್ಬೋದಾದ ಮಿತಿ. 2023ರಲ್ಲಿ 224.8 ಮಿಲಿಯನ್, 2024ರಲ್ಲಿ 255.4, 2025ರಲ್ಲಿ 279.2. ಇಷ್ಟು ಬೇಗ ಏರ್ತಾ ಇರೋವಾಗ ಹಳೇ ಕಾಂಟ್ರ್ಯಾಕ್ಟನ್ನ ಡಾಲರಲ್ಲಿ ಹೋಲಿಸಿದ್ರೆ ಮೋಸ ಹೋಗ್ತೀರ, ಶೇಕಡಾವಾರು ನೋಡ್ಬೇಕು. ಮೆಗ್ಲಿಂಚಿಗೆ ವರ್ಷಕ್ಕೆ ಸರಾಸರಿ 17.5 ಮಿಲಿಯನ್, ಅಂದ್ರೆ ಆ ವರ್ಷದ ಕ್ಯಾಪ್‌ನಲ್ಲಿ ಹತ್ತಿರ ಹತ್ತಿರ ಶೇಕಡಾ 7.8. ಅದನ್ನೇ 2025ಕ್ಕೆ ತಂದ್ರೆ ಸುಮಾರು 21.7 ಮಿಲಿಯನ್ ಆಗತ್ತೆ. 2025ರ ಮಾರ್ಚಲ್ಲಿ ಪಿಟ್ಸ್‌ಬರ್ಗ್ ಬಿಟ್ಟ ಡ್ಯಾನ್ ಮೋರ್‌ಗೆ ಟೆನೆಸಿ ನಾಲ್ಕು ವರ್ಷಕ್ಕೆ 82 ಮಿಲಿಯನ್ ಕೊಡ್ತು, ಅವನು 2024ರಲ್ಲಿ ಅತಿ ಹೆಚ್ಚು ಸ್ಯಾಕ್ ಬಿಟ್ಟೋರ ಪಟ್ಟೀಲಿ ಮೇಲ್ಗಡೆ ಇದ್ದೋನು! ನಮ್ಮದೇ ಟೀಮಿನ ಲೆಫ್ಟ್ ಗಾರ್ಡ್ ಏರನ್ ಬ್ಯಾಂಕ್ಸ್ ನಾಲ್ಕು ವರ್ಷಕ್ಕೆ 77 ಮಿಲಿಯನ್‌ಗೆ ಗ್ರೀನ್ ಬೇಗೆ ಹೋದ. ನಮ್ಮಲ್ಲಿ ಹೆಚ್ಚಾಗಿ ಬ್ಯಾಕಪ್ ಆಗಿದ್ದ ಜೇಲನ್ ಮೋರ್‌ಗೆ ಕ್ಯಾನ್ಸಸ್ ಸಿಟಿ ಎರಡು ವರ್ಷಕ್ಕೆ 30 ಮಿಲಿಯನ್ ಕೊಡ್ತು. ನನ್ನ ಲೆಕ್ಕದಲ್ಲಿ ಈ ಕೊನೇದೇ ನಿರ್ಣಾಯಕ ಆಗಿದ್ದು. ಬ್ಯಾಕಪ್‌ಗೆ ವರ್ಷಕ್ಕೆ 15 ಸಿಗೋ ಮಾರ್ಕೆಟ್ಟಲ್ಲಿ, ಎರಡು ವರ್ಷ ಒಂದು ಮ್ಯಾಚೂ ತಪ್ಪಿಸ್ದೆ ಆಡಿರೋನು ಕಾಂಟ್ರ್ಯಾಕ್ಟ್ ಮುಗಿದು ಫ್ರೀ ಏಜೆಂಟ್ ಆಗಿ ಹೊರಗೆ ಹೋದ್ರೆ 15ಕ್ಕೆ ಸಿಗ್ತಾನಾ? ಖಂಡಿತ ಇಲ್ಲ. ಹಾಗಾಗಿ ಸೀಸನ್ ಶುರುವಾಗೋ ಮುಂಚೇನೇ ಮುಗಿಸ್ಕೊಳ್ಳೋದು ಒಳ್ಳೇದು ಅಂತ ಬರೆದೆ.

ಬೇರೆ ದಾರಿ ಇತ್ತಾ ಅಂತಾನೂ ನೋಡ್ದೆ. 2025ರ ಡ್ರಾಫ್ಟಲ್ಲಿ ನೈನರ್ಸ್ ಏಳನೇ ರೌಂಡಲ್ಲಿ ಐಯೋವಾದ ಕಾನರ್ ಕೋಲ್ಬಿ ಬಿಟ್ರೆ ಒಬ್ಬ ಅಫೆನ್ಸಿವ್ ಲೈನ್‌ಮನ್ನೂ ತಗೊಳ್ಲಿಲ್ಲ, ಅವನೂ ಗಾರ್ಡು. ಎಡಗಡೆ ಟ್ರೆಂಟ್ ವಿಲಿಯಮ್ಸ್‌ಗೆ ಆಗ ವಯಸ್ಸು 37, 2024ರಲ್ಲಿ ಕಾಲಿನ ಗಾಯದಿಂದ ಎಷ್ಟೋ ಮ್ಯಾಚ್ ತಪ್ಪಿಸ್ಕೊಂಡಿದ್ದ. ಒಂದು ತುದಿ ಹೇಗೂ ಯಾವಾಗ್ಲಾದ್ರೂ ಬದಲಾಗ್ಲೇಬೇಕು, ಎರಡೂ ತುದಿ ಒಟ್ಟಿಗೆ ಬದಲಾಗೋ ಪರಿಸ್ಥಿತಿ ತಂದ್ಕೊಂಡ್ರೆ ಆ ವರ್ಷ ಪರ್ಡಿ ಗತಿ ಯೋಚ್ನೆ ಮಾಡೋಕೂ ಭಯ ಆಗತ್ತೆ. ಅದೂ ನಮ್ಮ ಡಿವಿಷನ್ನಲ್ಲಿ. 2024ರಲ್ಲಿ ವರ್ಸ್ ಡಿಫೆನ್ಸಿವ್ ರೂಕಿ ಆಫ್ ದ ಇಯರ್ ಆದ, 2025ರಲ್ಲಿ ಅರಿಝೋನಾ ಜೋಶ್ ಸ್ವೆಟ್‌ನ ತಂತು, ಸಿಯಾಟಲ್ ಡಿಮಾರ್ಕಸ್ ಲಾರೆನ್ಸ್‌ನ ತಂತು. ವರ್ಷಕ್ಕೆ ಆರು ಮ್ಯಾಚ್ ಇಂಥೋರ ಎದುರಿಗೇ.

ಕಾಂಟ್ರ್ಯಾಕ್ಟಿನ ಒಳಗಿನ ರಚನೆ ಬಗ್ಗೆ ಒಂದು ಉದಾಹರಣೆ ಕೊಡ್ತೀನಿ, ಇದು ನಾನೇ ಹಾಕ್ಕೊಂಡ ಅಂಕಿ, ನಿಜವಾದ ಕಾಂಟ್ರ್ಯಾಕ್ಟ್ ಅಲ್ಲ. 15 ಮಿಲಿಯನ್ ಸೈನಿಂಗ್ ಬೋನಸ್ ಕೊಟ್ರೆ ದುಡ್ಡು ಆಟಗಾರನ ಕೈಗೆ ಮೊದಲೇ ಸೇರತ್ತೆ, ಆದ್ರೆ ಕ್ಯಾಪ್ ಲೆಕ್ಕದಲ್ಲಿ ಅದನ್ನ ಐದು ವರ್ಷದ ತನಕ ಹಂಚ್ಬೋದು, ವರ್ಷಕ್ಕೆ 3. ಎರಡು ವರ್ಷ ಆದ ಮೇಲೆ ಬಿಟ್ಟುಬಿಟ್ರೆ ಉಳಿದ 9 ಮಿಲಿಯನ್ ಡೆಡ್ ಮನಿ (ಆಟಗಾರ ಹೋದ್ರೂ ಕ್ಯಾಪ್ ಲೆಕ್ಕದಲ್ಲಿ ಉಳಿಯೋ ದುಡ್ಡು) ಆಗಿ ತಲೆ ಮೇಲೆ ಬೀಳತ್ತೆ. 2025ರಲ್ಲಿ ಲೀಗಲ್ಲೇ ಹೆಚ್ಚು ಡೆಡ್ ಮನಿ ಹೊತ್ಕೊಂಡಿದ್ದ ಟೀಮ್‌ಗಳಲ್ಲಿ ನೈನರ್ಸೂ ಒಂದು, ಆದ್ದರಿಂದ ಬೋನಸ್ ಸಣ್ಣದು, ಮೊದಲ ಎರಡು ವರ್ಷದ ಸಂಬಳಕ್ಕೆ ಗ್ಯಾರಂಟಿ ದೊಡ್ಡದು, ಹೀಗಿರ್ಲಿ ಅಂದೆ. 30 ದಾಟಿದ ಟ್ಯಾಕಲ್‌ಗೆ ಮುಂದಿನ ವರ್ಷಗಳ ಭಾರ ಹೊರಿಸ್ಬಾರ್ದು.

ಕೊನೆಗೆ ನಾನು ಬರೆದಿದ್ದು: ಉಳಿಸ್ಕೊಳಿ, ವರ್ಷಕ್ಕೆ 15ರಿಂದ 16, ಹೊಸದಾಗಿ ಎರಡು ವರ್ಷ, 18 ಕೇಳಿದ್ರೆ ಕೈ ಮುಗಿದು 2026ರ ಡ್ರಾಫ್ಟಲ್ಲಿ ಮೊದಲ ಎರಡು ರೌಂಡಲ್ಲೇ ಟ್ಯಾಕಲ್ ಹುಡುಕಿ.

ಸೆಪ್ಟೆಂಬರ್ 2025ರಲ್ಲಿ, ಸೀಸನ್ ಶುರುವಾಗೋ ಹೊತ್ತಿಗೆ, ಟೀಮ್ ಮೂರು ವರ್ಷಕ್ಕೆ 45 ಮಿಲಿಯನ್ ಕೊಟ್ಟು ಮುಗಿಸ್ತು. ಸರಾಸರಿ 15, ಕ್ಯಾಪ್‌ನಲ್ಲಿ ಶೇಕಡಾ 5.4. ಬೆಲೆ ವಿಷಯದಲ್ಲಿ ನನಗೆ ತುಂಬಾ ಖುಷಿ ಆಯ್ತು, ಪ್ರಾಕ್ಟೀಸ್ ಸ್ಕ್ವಾಡಿಂದ ಬಂದೋನಿಗೆ ಇಂಥ ದಿನ ಬಂತಲ್ಲ ಅಂತ ಇನ್ನೂ ಖುಷಿ. ಮೂರನೇ ವರ್ಷದ ಬಗ್ಗೆ ಮಾತ್ರ ಈಗ್ಲೂ ಒಪ್ಪಿಗೆ ಇಲ್ಲ. 2028ರ ಸೀಸನ್ ಬರೋ ಹೊತ್ತಿಗೆ ಅವನಿಗೆ 32. ಇವನ ಆಟ ನಿಂತಿರೋದು ಪಾದದ ಮೇಲೆ, ವಿಲಿಯಮ್ಸ್ ಥರ ದೈತ್ಯ ಶಕ್ತಿ ಇವನಿಗಿಲ್ಲ. ಪಾದ ಅರ್ಧ ಹೆಜ್ಜೆ ನಿಧಾನ ಆದ್ರೆ ವಾಟ್ ಥರದೋರಿಗೆ ಅಷ್ಟೇ ಸಾಕು. 2027ರ ಒಳಗೆ ಅವನ ಹಿಂದೆ ಒಬ್ಬ ಹುಡುಗನ್ನ ತಯಾರು ಮಾಡ್ಲೇಬೇಕು, ಅದೂ ಏಳನೇ ರೌಂಡಲ್ಲಿ ಅಲ್ಲ.