ಗರಸು ಗುಂಡಿ ಮತ್ತೆ ಹಸಿರಾಗಬೇಕಾದರೆ

ಗರಸು ತೆಗೆದು ಹಾಗೇ ಬಿಟ್ಟ ಗುಂಡಿಯನ್ನು ನೀವೂ ನೋಡಿರುತ್ತೀರಿ. ಸುತ್ತಲೂ ಕಡಿದಾದ ಗೋಡೆ, ತಳದಲ್ಲಿ ನಿಂತ ನೀರು, ಹುಲ್ಲು ಕೂಡ ಹುಟ್ಟದ ಗಟ್ಟಿ ನೆಲ. ಎಷ್ಟೋ ವರ್ಷ ಕಳೆದರೂ ಅದು ಹಾಗೇ ಇರುತ್ತದೆ. ಬಹಳ ಕಡೆ ಇದಕ್ಕೆ ಕಾರಣವಾದ ತಪ್ಪು ಅಗೆಯಲು ಶುರು ಮಾಡಿದ ದಿನವೇ ಆಗಿರುತ್ತದೆ: ಮೇಲ್ಮಣ್ಣನ್ನು ಕಸದ ಹಾಗೆ ಪಕ್ಕಕ್ಕೆ ತಳ್ಳಿ, ಅದರ ಮೇಲೆಯೇ ಲಾರಿ ಓಡಿಸಿರುತ್ತಾರೆ. ಸಣ್ಣ ಗುಂಡಿಯಾದರೆ ಇದನ್ನು ತಪ್ಪಿಸುವುದು ಕಷ್ಟವೇನಲ್ಲ.

ಅಗೆಯುವ ಮೊದಲು

ಕೆಲಸ ಮುಗಿದ ಮೇಲೆ ಆ ಜಾಗ ಏನಾಗಬೇಕು? ಹುಲ್ಲುಗಾವಲೇ, ಮರಗಳ ತೋಪೇ, ನೀರಿನ ಹೊಂಡವೇ? ಇದನ್ನು ಮೊದಲೇ ತೀರ್ಮಾನಿಸಿ. ಯಾಕೆಂದರೆ ಇಳಿಜಾರಿಗೆ ಜಾಗ ಬೇಕು. ಸಡಿಲ ಗರಸು ತಾನಾಗಿ ನಿಲ್ಲುವುದು ಸುಮಾರು 35 ಡಿಗ್ರಿ ಓರೆಯಲ್ಲಿ. ಅಷ್ಟು ಕಡಿದಾದ ಕಡೆ ಮಣ್ಣು ಉಳಿಯುವುದಿಲ್ಲ, ಬೀಜವೂ ನಿಲ್ಲುವುದಿಲ್ಲ. ಗಿಡ ಬೆಳೆಯಬೇಕಾದರೆ ಒಂದು ಮೀಟರ್ ಇಳಿತಕ್ಕೆ ಮೂರು ಮೀಟರ್ ಅಗಲ ಇಟ್ಟುಕೊಳ್ಳುವುದು ಒಳ್ಳೆಯದು. ಅಂದರೆ 5 ಮೀಟರ್ ಆಳದ ಗುಂಡಿಗೆ ಒಂದೊಂದು ಬದಿಯ ಇಳಿಜಾರಿಗೇ 15 ಮೀಟರ್ ಬೇಕು. ಗಡಿಯ ಬದುವಿನ ತನಕ ನೇರವಾಗಿ ಅಗೆದುಬಿಟ್ಟರೆ ಆಮೇಲೆ ಈ ಜಾಗ ಎಲ್ಲಿಂದ ತರುವುದು?

ಹಳ್ಳ, ತೊರೆ ಹತ್ತಿರವಿದ್ದರೆ ದಡದ ಗಿಡಮರಗಳನ್ನು ಮುಟ್ಟಬೇಡಿ. ಹೂಳನ್ನು ತಡೆಯುವ ಬೇಲಿ ಅವೇ.

ಮೇಲ್ಮಣ್ಣು: ಇಲ್ಲಿ ಅವಸರ ಬೇಡ

ಇಡೀ ಕೆಲಸದಲ್ಲಿ ಯಾವುದಾದರೂ ಒಂದನ್ನು ಮಾತ್ರ ಸರಿಯಾಗಿ ಮಾಡಲು ಸಾಧ್ಯ ಅಂತಾದರೆ, ಇದನ್ನೇ ಮಾಡಿ ಎನ್ನುತ್ತೇನೆ. ಮೇಲಿನ 15ರಿಂದ 30 ಸೆಂಟಿಮೀಟರ್ ಕಪ್ಪು ಮಣ್ಣಿನಲ್ಲಿ ಬೀಜಗಳಿವೆ, ಎರೆಹುಳುಗಳಿವೆ, ಬೇರಿಗೆ ಆಹಾರ ಒದಗಿಸುವ ಶಿಲೀಂಧ್ರಗಳಿವೆ. ಅದು ರೂಪುಗೊಳ್ಳಲು ನೂರಾರು ವರ್ಷ ಹಿಡಿದಿರುತ್ತದೆ. ದುಡ್ಡು ಕೊಟ್ಟು ತಂದ ಮಣ್ಣು ಅದಕ್ಕೆ ಸಮನಾಗುವುದಿಲ್ಲ.

ಮಣ್ಣು ಒಣಗಿರುವಾಗ ಮಾತ್ರ ತೆಗೆಯಿರಿ. ಒದ್ದೆ ಮಣ್ಣು ಯಂತ್ರದ ಭಾರಕ್ಕೆ ಇಟ್ಟಿಗೆಯಂತಾಗುತ್ತದೆ. ಮೇಲ್ಮಣ್ಣು ಒಂದು ರಾಶಿ, ಅದರ ಕೆಳಗಿನ ತಿಳಿ ಬಣ್ಣದ ಮಣ್ಣು ಇನ್ನೊಂದು ರಾಶಿ. ಎರಡನ್ನೂ ಬೆರೆಸಬೇಡಿ. ಮೇಲ್ಮಣ್ಣಿನ ರಾಶಿ ಎರಡು ಮೀಟರಿಗಿಂತ ಎತ್ತರವಾಗದಿರಲಿ, ಎತ್ತರ ಜಾಸ್ತಿಯಾದಷ್ಟೂ ಒಳಗೆ ಗಾಳಿಯಾಡದೆ ಜೀವಿಗಳು ಸಾಯುತ್ತವೆ. ರಾಶಿ ತಿಂಗಳುಗಟ್ಟಲೆ ಇರುವುದಾದರೆ ಮೇಲೆ ಹುಲ್ಲಿನ ಬೀಜ ಎರಚಿ, ಮಳೆಗೆ ಕೊಚ್ಚಿಹೋಗುವುದು ತಪ್ಪುತ್ತದೆ. ಒಂದು ಎಕರೆಯಿಂದ 15 ಸೆಂಟಿಮೀಟರ್ ತೆಗೆದರೂ ಸುಮಾರು 600 ಘನ ಮೀಟರ್ ಮಣ್ಣಾಗುತ್ತದೆ. ಲಾರಿ ಹೋಗದ ಮೂಲೆಯೊಂದನ್ನು ಇದಕ್ಕೆಂದೇ ಬಿಡಬೇಕು.

ಕೆಲಸ ನಡೆಯುವಾಗ

ನೀರಿನ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಗರಸಿನ ಪದರ ಮಳೆನೀರನ್ನು ಸೋಸಿ ಕೆಳಕ್ಕೆ ಇಳಿಸುವ ಜರಡಿ ಇದ್ದಂತೆ. ಆ ಜರಡಿಯನ್ನೇ ನಾವು ತೆಗೆಯುತ್ತಿದ್ದೇವೆ, ಅಲ್ವಾ? ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕಡಿಮೆಯೆಂದರೂ ಒಂದು ಮೀಟರ್ ಗರಸು ಉಳಿಸಿ. ಮಟ್ಟ ಅಳೆಯುವಾಗ ಬೇಸಿಗೆಯ ನೀರನ್ನು ನಂಬಬೇಡಿ; ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲಿಗೆ ಏರುತ್ತದೆ ನೋಡಿ. ಡೀಸೆಲ್ ತುಂಬಿಸುವುದು, ಆಯಿಲ್ ಬದಲಿಸುವುದು ಗುಂಡಿಯೊಳಗೆ ಬೇಡವೇ ಬೇಡ. ಟ್ಯಾಂಕಿನ ಸುತ್ತ ಸೋರದ ಕಟ್ಟೆ ಇರಲಿ. ಟ್ಯಾಂಕ್ ಪೂರ್ತಿ ಸೋರಿದರೂ ತುಂಬಿ ಹರಿಯದಂತೆ, ಅದರ ಅಳತೆಗಿಂತ ಶೇ 10ರಷ್ಟು ಹೆಚ್ಚು ಹಿಡಿಸುವಂತಿರಲಿ.

ಮೇಲಿನಿಂದ ಹರಿದು ಬರುವ ಮಳೆನೀರನ್ನು ಸಣ್ಣ ಕಾಲುವೆ ತೋಡಿ ಗುಂಡಿಯ ಹೊರಗೇ ತಿರುಗಿಸಿ. ಒಳಗೆ ಬಿದ್ದ ಕೆಸರುನೀರು ಹೂಳಿನ ಹೊಂಡದಲ್ಲಿ ತಿಳಿಯಾದ ಮೇಲಷ್ಟೇ ಹೊರಗೆ ಹೋಗಲಿ. ದಾರಿಗೆ ನೀರು ಚಿಮುಕಿಸಿ, ಲಾರಿಗೆ ತಾಡಪಾಲು ಹೊದಿಸಿ. ಗರಸಿನ ಧೂಳಿನಲ್ಲಿ ಸಿಲಿಕಾ ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ಒಂದು ಬದಿಯಲ್ಲಿ ಗರಸು ಮುಗಿದ ತಕ್ಷಣ ಅಲ್ಲಿ ದುರಸ್ತಿ ಶುರು ಮಾಡಿ, ಇಡೀ ಗುಂಡಿ ಮುಗಿಯಲಿ ಎಂದು ಕಾಯಬೇಡಿ. ಯಂತ್ರ ಹೇಗೂ ಅಲ್ಲೇ ಇರುತ್ತದೆ, ಖರ್ಚೂ ಕಡಿಮೆ.

ಮತ್ತೆ ನೆಲ ಕಟ್ಟುವುದು

ಮೊದಲು ಬದಿಗಳನ್ನು ಇಳಿಜಾರು ಮಾಡಿ. ಆಮೇಲೆ ತಳವನ್ನು ಉಳಬೇಕು. ಲಾರಿಗಳು ತುಳಿದ ನೆಲಕ್ಕೆ ಬೇರೂ ಇಳಿಯದು, ನೀರೂ ಇಂಗದು. ಯಂತ್ರದ ಕೊಕ್ಕೆಯಿಂದ ಅರ್ಧ ಮೀಟರ್ ಆಳದವರೆಗೆ ಸೀಳಿ. ಇಳಿಜಾರಿನಲ್ಲಾದರೆ ಅಡ್ಡಕ್ಕೇ ಸೀಳಿ, ಉದ್ದಕ್ಕೆ ಸೀಳಿದರೆ ಅದೇ ಕೊರಕಲಾಗುತ್ತದೆ. ಅದರ ಮೇಲೆ ಕೆಳಮಣ್ಣು, ಕೊನೆಗೆ ಮೇಲ್ಮಣ್ಣು. ಹರಡಿದ ಮೇಲೆ ಯಂತ್ರ ಓಡಿಸಿ ನುಣುಪು ಮಾಡಬೇಡಿ. ಉಬ್ಬು ತಗ್ಗು ಇದ್ದರೇನೇ ನೀರು ನಿಲ್ಲುತ್ತದೆ, ಬೀಜ ಕೂರುತ್ತದೆ. ಗುಂಡಿ ತುಂಬಿಸಲು ಊರ ಕಸ ಸುರಿಯಬೇಡಿ. ಅದರ ರಸ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತದೆ.

ಮಳೆ ಶುರುವಾಗುವ ಹೊತ್ತಿಗೆ ಆ ಜಾಗದ್ದೇ ಹುಲ್ಲು ಬಿತ್ತಿ, ಜೊತೆಗೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ದ್ವಿದಳ ಗಿಡಗಳನ್ನೂ ಹಾಕಿ. ಪೊದೆ, ಮರಗಳು ಆಮೇಲೆ. ಬೇಗ ಬೆಳೆಯುತ್ತದೆಂದು ಒಂದೇ ಜಾತಿಯ ಮರ ತುಂಬಿಸುವುದು ನನಗೆ ಒಪ್ಪಿಗೆಯಿಲ್ಲ. ಹಸಿರು ಕಾಣುತ್ತದೆ, ಆದರೆ ಹಕ್ಕಿಗಳೂ ದುಂಬಿಗಳೂ ಅಷ್ಟಾಗಿ ಬರುವುದಿಲ್ಲ.

ನೀರಿನ ಹೊಂಡ ಉಳಿಸುವುದಾದರೆ ಅಂಚು ಅಂಕುಡೊಂಕಾಗಿರಲಿ, ದಡದ ಬಳಿ ನೀರು ಮೊಣಕಾಲಿಗಿಂತ ಕಡಿಮೆ ಇರಲಿ. ಕಪ್ಪೆಗಳು ಮೊಟ್ಟೆಯಿಡುವುದು ಅಲ್ಲೇ. ಜಾರಿ ಬಿದ್ದ ಮಗುವಾಗಲಿ, ದನವಾಗಲಿ ಹತ್ತಿ ಬರಲು ಸಾಧ್ಯವಾಗುವುದೂ ಅಂಥ ದಡದಲ್ಲೇ. ಹಾಗೆಯೇ, ಜನ ಓಡಾಡದ ಕಡೆ ಗಟ್ಟಿಯಾದ ಮರಳುಮಿಶ್ರಿತ ಗೋಡೆ ಇದ್ದರೆ ಅದರಲ್ಲಿ ಒಂದು ತುಂಡನ್ನು ನೇರವಾಗಿಯೇ ಬಿಡಿ. ಕಳ್ಳಿಪೀರ, ಮಿಂಚುಳ್ಳಿಯಂಥ ಹಕ್ಕಿಗಳು ಅದರಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ.

ಮುಂದಿನ ಮೂರರಿಂದ ಐದು ವರ್ಷ ಪ್ರತಿ ದೊಡ್ಡ ಮಳೆ ಆದ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಬೆರಳಗಲದ ಕೊರಕಲನ್ನು ಒಂದು ಬುಟ್ಟಿ ಕಲ್ಲು, ಒಣ ಕೊಂಬೆಗಳಿಂದ ಮುಚ್ಚಬಹುದು. ಅದನ್ನು ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಜೆಸಿಬಿ ಬೇಕಾಗುತ್ತದೆ.