ನಮೀಬಿಯಾದಲ್ಲಿ ಗಾಡಿ ಓಡಿಸ್ತೀರಾ? ಮೊದಲು ಗಾಳಿ ಇಳಿಸಿ

ನಮೀಬಿಯಾ ಮರುಭೂಮಿಯ ಮರಳುದಿಬ್ಬಗಳ ಜಾಗ ಸೊಸಸ್‌ಫ್ಲೇಗೆ ಹೋಗುವ ದಾರಿಯಲ್ಲಿ ಕೊನೆಯ 5 ಕಿ.ಮೀ. ಬರೀ ಮರಳು. ಒಂದು ಬೆಳಿಗ್ಗೆ ನಾನೂ ನನ್ನ ಷಡ್ಡಕನೂ ಅಲ್ಲಿ ನಿಂತು ನೋಡುತ್ತಿದ್ದಂತೆ ಮೂರು ಗಾಡಿಗಳು ಒಂದರ ಹಿಂದೆ ಒಂದು ಹೂತುಕೊಂಡವು. ಮೂರೂ ಫೋರ್ ವೀಲ್ ಡ್ರೈವ್. ಮೂರರ ಟೈರೂ ಕಲ್ಲಿನಷ್ಟು ಗಟ್ಟಿ. ಹಿಂದಿನ ದಿನ ನಮ್ಮದೂ ಅಲ್ಲೇ ಹೂತಿತ್ತು. ಹಾಗಾಗಿ ನಗುವ ಧೈರ್ಯ ನಮಗಿರಲಿಲ್ಲ.

1. ಕಾಗದಪತ್ರ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಅದೊಂದು ನೆಮ್ಮದಿ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ನೋಟು ಅಲ್ಲೂ ನಡೆಯುತ್ತದೆ.

2. ಗಾಡಿ. ಮೇಲೆ ಟೆಂಟ್ ಇರುವ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ಬಾಡಿಗೆಗೆ ತಗೊಳ್ಳಿ. ಸ್ಟೆಪ್ನಿ ಎರಡು ಇರಲೇಬೇಕು, ಒಂದಕ್ಕೆ ಒಪ್ಪಬೇಡಿ. ಇಬ್ಬರೂ ಓಡಿಸುವುದಾದರೆ ಕರಾರಿನಲ್ಲಿ ಇಬ್ಬರ ಹೆಸರೂ ಬರಲಿ. ‘ಪೂರ್ತಿ ವಿಮೆ’ ಅಂದ ತಕ್ಷಣ ಸಹಿ ಹಾಕಬೇಡಿ. ಟೈರು, ಗಾಜು, ರಾತ್ರಿ ಓಡಿಸುವಾಗ ಆದ ಅಪಘಾತ ಎಷ್ಟೋ ವಿಮೆಗಳಲ್ಲಿ ಸೇರಿರುವುದಿಲ್ಲ. ಸಣ್ಣ ಅಕ್ಷರವನ್ನು ಷಡ್ಡಕನಿಗೆ ಓದಲು ಕೊಡಿ. ಓದುವ ತಾಳ್ಮೆ ಇಬ್ಬರಲ್ಲಿ ಒಬ್ಬರಿಗಾದರೂ ಇರುತ್ತದೆ.

ಬಾಡಿಗೆ ಕೊಡುವ ಜಾಗದಲ್ಲೇ ನಿಂತು ಜಾಕಿ ಹಾಕಿ ಒಂದು ಚಕ್ರ ಬಿಚ್ಚಿ ನೋಡಿ. ನಮಗೆ ಕೊಟ್ಟ ಸ್ಪ್ಯಾನರ್ ನಟ್ಟಿಗೆ ಕೂರುತ್ತಲೇ ಇರಲಿಲ್ಲ. ಅದು ಗೊತ್ತಾಗಿದ್ದು 150 ಕಿ.ಮೀ. ದೂರ ಹೋದ ಮೇಲೆ, ಮರದ ನೆರಳೂ ಇಲ್ಲದ ಜಾಗದಲ್ಲಿ.

3. ಗಾಳಿ. ಎಲ್ಲರೂ ಎಡವುವುದು ಇಲ್ಲೇ. ಅಲ್ಲಿ ಗಾಳಿಯನ್ನು ಬಾರ್ ಲೆಕ್ಕದಲ್ಲಿ ಹೇಳುತ್ತಾರೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಡಾಂಬರಿಗೆ ನಾವು ಇಟ್ಟುಕೊಂಡಿದ್ದು 2.2, ಜಲ್ಲಿ ರಸ್ತೆಗೆ 1.8, ಮರಳಿಗೆ 1.2. ನಿಮ್ಮ ಗಾಡಿಗೆ, ಹೊರೆಗೆ ಎಷ್ಟು ಅಂತ ಬಾಡಿಗೆ ಕೊಡುವವರನ್ನೇ ಕೇಳಿ ಬರೆದುಕೊಳ್ಳಿ.

ಗಾಳಿ ಇಳಿಸಿದರೆ ಏನಾಗುತ್ತದೆ? ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಭಾರ ಹಂಚಿಹೋಗುತ್ತದೆ. ಕೆಸರು ಗದ್ದೆಗೆ ಹಲಗೆ ಹಾಕಿ ನಡೆಯುತ್ತೇವಲ್ಲ, ಹಾಗೆ.

ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರು ಜಾಸ್ತಿ ತೋರಿಸುತ್ತದೆ. ವಾಲ್ವಿನ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಳ್ಳಿ (ನೆಲದ ಮೇಲಿಟ್ಟರೆ ಮರಳಿನ ಪಾಲು). ಕೀಲಿಯ ತುದಿಯಿಂದ ನಡುವಿನ ಪಿನ್ ಒತ್ತಿ. ಬುಸ್ ಅನ್ನುತ್ತದೆ. ಇನ್ನೊಬ್ಬರು ಎಣಿಸಲಿ. ಮೂವತ್ತು ಎಣಿಸಿದ ಮೇಲೆ ಗೇಜ್ ಇಟ್ಟು ನೋಡಿ, ಮತ್ತೆ ಒತ್ತಿ. ಒಂದು ಟೈರಿಗೆ ಎಷ್ಟು ಎಣಿಕೆ ಅಂತ ಗೊತ್ತಾದರೆ ಉಳಿದ ಮೂರು ಸಲೀಸು. ಪೆನ್ನಿನಂಥ ಅಗ್ಗದ ಗೇಜ್ ಬೇಡ, ಒಂದೊಂದು ಸಲ ಒಂದೊಂದು ಹೇಳುತ್ತದೆ. ಮುಳ್ಳಿರುವ ದುಂಡು ಗೇಜನ್ನು ಊರಿಂದಲೇ ಒಯ್ಯಿರಿ. ಗಾಳಿ ಹೊಡೆಯುವ ಕಂಪ್ರೆಸರ್ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದಾಗಿರಲಿ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಆಟಿಕೆಗಳು ಎರಡನೇ ಟೈರಿಗೇ ಫ್ಯೂಸ್ ಸುಡುತ್ತವೆ.

4. ಜಲ್ಲಿ ರಸ್ತೆ. ಹೆಸರಿನಲ್ಲಿ ‘ಬಿ’ ಇದ್ದರೆ ಸಾಮಾನ್ಯವಾಗಿ ಡಾಂಬರು. ‘ಸಿ’, ‘ಡಿ’ ಹೆಚ್ಚಿನವು ಜಲ್ಲಿ. ಬಟ್ಟೆ ಒಗೆಯುವ ಕಲ್ಲಿನ ಗೀರುಗಳಿರುತ್ತವಲ್ಲ, ರಸ್ತೆಯುದ್ದಕ್ಕೂ ಅಂಥ ಏರಿಳಿತ. 80 ದಾಟಬೇಡಿ. ಜೋರಾಗಿ ಬ್ರೇಕ್ ಹಾಕಿ ಸ್ಟೀರಿಂಗ್ ತಿರುಗಿಸಿದಿರೋ, ಗಾಡಿ ಪಲ್ಟಿ. ಪ್ರವಾಸಿಗರು ಏಟು ತಿನ್ನುವುದು ಸಿಂಹದಿಂದಲ್ಲ, ಇದರಿಂದ. ಎದುರು ಗಾಡಿ ಬಂದರೆ ಹೆಡ್‌ಲೈಟ್ ಹಾಕಿ, ಎಡಕ್ಕೆ ಸರಿದು, ನಿಧಾನಿಸಿ. ಕತ್ತಲಾಗುವ ಮೊದಲೇ ನಿಂತುಬಿಡಿ. ‘ಕೂಡು’ ಎಂಬ ದೊಡ್ಡ ಕೊಂಬಿನ ಜಿಂಕೆ ಒಂದೇ ನೆಗೆತಕ್ಕೆ ರಸ್ತೆಗೆ ಬೀಳುತ್ತದೆ.

ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ. ಸೊಸಸ್‌ಫ್ಲೇ ದಾರಿಯ ಗೇಟ್ ಇರುವ ಸೆಸ್ರಿಮ್‌ನಿಂದ ಸುಮಾರು 80 ಕಿ.ಮೀ. ದೂರದ ಸಾಲಿಟೇರ್‌ನಲ್ಲಿ ಬಂಕೂ ಇದೆ, ಸೇಬಿನ ಪೈ ಕೂಡ. ಪೈ ಬಿಡಬೇಡಿ. ಸಸ್ಯಾಹಾರಿಗಳಿಗೆ ಉಳಿದಂತೆ ಅವಲಕ್ಕಿ, ಚಟ್ನಿಪುಡಿಯೇ ಗತಿ.

5. ಮರಳು. ಸೆಸ್ರಿಮ್ ಗೇಟಿನಿಂದ 45ನೇ ಕಿ.ಮೀ.ನಲ್ಲಿರುವ ದಿಬ್ಬಕ್ಕೆ ‘ಡ್ಯೂನ್ 45’ ಅಂತಲೇ ಹೆಸರು. 60ರವರೆಗೆ ಡಾಂಬರು. ಅದು ಮುಗಿದಲ್ಲಿ ಗಾಡಿ ನಿಲ್ಲಿಸಿ ಗಾಳಿ ಇಳಿಸಿ. ಫೋರ್ ವೀಲ್ ಹಾಕಿ, ಒಂದೇ ಸಮನೆ ಹೋಗಿ. ನಡುವೆ ಗೇರ್ ಬದಲಿಸಬೇಡಿ. ನಿಲ್ಲಬೇಕಾದರೆ ಬ್ರೇಕ್ ತುಳಿಯದೆ ಕಾಲು ತೆಗೆದು ಉರುಳಲು ಬಿಡಿ. ಬ್ರೇಕ್ ತುಳಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ.

ಚಕ್ರ ಸುಮ್ನೆ ತಿರುಗತೊಡಗಿತಾ? ತಕ್ಷಣ ಆಕ್ಸಿಲರೇಟರ್ ಬಿಡಿ. ನಾನು ಬಿಡಲಿಲ್ಲ. “ಇನ್ನೊಂಚೂರು ಕೊಡಿ ಭಾವ, ಬಂದೇಬಿಡ್ತು” ಅಂತ ಷಡ್ಡಕ ಹುರಿದುಂಬಿಸಿದ. ಅರ್ಧ ನಿಮಿಷದಲ್ಲಿ ಆಕ್ಸಲ್ ಮರಳಿನ ಮೇಲೆ ಕೂತಿತ್ತು. ಆಮೇಲೆ ಊಟದ ತಟ್ಟೆಯಲ್ಲಿ ಮರಳು ಬಗೆದೆವು. ನೀವು ಸಲಿಕೆ ಒಯ್ಯಿರಿ. ನಾಲ್ಕೂ ಚಕ್ರದ ಮುಂದೆ ಹಿಂದೆ ಬಗೆದು, ಗಾಳಿಯನ್ನು 1 ಬಾರ್‌ಗೆ ಇಳಿಸಿ, ಬಂದ ಗುರುತಿನ ಮೇಲೇ ಹಿಂದಕ್ಕೆ ಬನ್ನಿ. ಬೆಳಿಗ್ಗೆ ಮರಳು ತಂಪು, ಗಟ್ಟಿ. ಮಧ್ಯಾಹ್ನ ಸಕ್ಕರೆ. ಧೈರ್ಯ ಸಾಲದಿದ್ದರೆ ದುಡ್ಡು ಕೊಟ್ಟು ಅಲ್ಲಿನ ಜೀಪ್ ಹತ್ತಿ, ಅದರಲ್ಲೇನೂ ಅವಮಾನವಿಲ್ಲ.

6. ಮತ್ತೆ ಗಾಳಿ. ಇದನ್ನು ಅರ್ಧಕ್ಕರ್ಧ ಜನ ಮರೆಯುತ್ತಾರೆ. 1.2 ಬಾರ್‌ನಲ್ಲಿ ಡಾಂಬರಿನ ಮೇಲೆ ಜೋರಾಗಿ ಓಡಿಸಿದರೆ ಟೈರು ಕಾದು ಸೀಳುತ್ತದೆ. ಜೋರಾಗಿ ತಿರುಗಿಸಿದರೆ ರಿಮ್ಮಿನಿಂದಲೇ ಕಳಚಿಕೊಳ್ಳಬಹುದು. ಆದ್ದರಿಂದ ಮರಳು ದಾಟಿದ ಕೂಡಲೇ ಮರದ ನೆರಳು ಹುಡುಕಿ, ಎಂಜಿನ್ ಆನ್ ಇಟ್ಟು ಕಂಪ್ರೆಸರ್ ಹಚ್ಚಿ. ನಾಲ್ಕು ಟೈರಿಗೆ ನಮಗೆ ಅರ್ಧ ಗಂಟೆ ಹಿಡಿಯಿತು. ಜೇಬಿನಲ್ಲಿ ಮುಚ್ಚಳ ಎಣಿಸಿದರೆ ಮೂರೇ ಇದ್ದವು.